ಸ್ಟೇನ್‌ಲೆಸ್ ಸ್ಟೀಲ್ ಮತ್ತು ಗುಳಿ ತುಕ್ಕು: ಒಂದು ಚಾರಿತ್ರಿಕ ನೋಟ



ತಮ್ಮ ಮನೆಯ ಅಡುಗೆಮನೆಗೆ ಒಮ್ಮೆ ಹೋಗಿ, ಉಪ್ಪು ತುಂಬಿಡುವ ಡಬ್ಬಿ ಸ್ಟೀಲಿನದಾಗಿದ್ದರೆ ಅದನ್ನು ಖಾಲಿ ಮಾಡಿ, ತೊಳೆದು, ಬೆಳಕಿಗೆ ಹಿಡಿದು ನೋಡಿ. ಡಬ್ಬಿಯ ಹೊರಮೈ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಒಳಗೆ ತಳದಲ್ಲಿ ಮಾತ್ರ ಸಾಸಿವೆಗಿಂತ ಚಿಕ್ಕದಾದ ಕಂದು ಚುಕ್ಕೆಗಳು ಕಾಣಬಹುದು. ಚುಕ್ಕೆಯನ್ನು ಪಿನ್ನಿನಿಂದ ಕೆದಕಿದರೆ ಪಿನ್ನಿನ ತುದಿ ಒಳಗಿಳಿಯುತ್ತದೆ. ಕೆಲವು ವರ್ಷ ಬಳಸಿದ ಡಬ್ಬಿಯಾದರೆ ಬೆಳಕೇ ಆಚೆಯಿಂದ ಈಚೆಗೆ ತೂರಿ ಬಂದೀತು.

ನಮ್ಮ ಮನೆಯಲ್ಲಿ ಹೀಗಾದಾಗ ಅಮ್ಮಿ, "ಅಂಗಡಿಯಾಂವ ಡುಪ್ಲಿಕೇಟ್ ಸ್ಟೀಲ್ ಕೊಟ್ಟಾನ, ಸ್ಟೀಲಿಗೆ ಎಲ್ಲ್ಯಾರ ಜಂಗು ಹಿಡಿತೈತೇನು?" ಎಂದು ಬೈದಿದ್ದರು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಅಂಗಡಿಯವನ ತಪ್ಪು ಅದರಲ್ಲಿ ಇರಲೂಬಹುದು, ಇಲ್ಲದಿರಲೂಬಹುದು. ಆದರೆ 'ಸ್ಟೀಲಿಗೆ ಜಂಗು ಹಿಡಿಯುವುದಿಲ್ಲ' ಎಂಬ ನಂಬಿಕೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ, ಅದರ ಹಿಂದೆ ಇನ್ನೂರು ವರ್ಷಗಳ ಕುತೂಹಲಕರ ಇತಿಹಾಸವೇ ಇದೆ ಎಂದು ತಿಳಿಯಿತು. ಅದನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ. ಇಂಥ ತುಕ್ಕಿಗೆ ಇಂಜಿನಿಯರುಗಳು 'ಪಿಟ್ಟಿಂಗ್' ಎನ್ನುತ್ತಾರೆ. ನಾವು ಇಲ್ಲಿ 'ಗುಳಿ ತುಕ್ಕು' ಎನ್ನೋಣ.

ಈ ಕಥೆಯ ಆರಂಭದಲ್ಲಿ ಒಂದು ಕನ್ನಡ ಶಬ್ದವಿದೆ ಎಂದರೆ ತಮಗೆ ಆಶ್ಚರ್ಯವಾದೀತು. 1794ರಲ್ಲಿ ಮುಂಬಯಿಯಲ್ಲಿದ್ದ ಡಾ. ಹೆಲೆನಸ್ ಸ್ಕಾಟ್ ಎಂಬುವರು ಈ ದೇಶದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳಿಸಿದರು. ಮರುವರ್ಷ, ಅಂದರೆ 1795ರಲ್ಲಿ, ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಮಂಡಿಸಿದರು. ಆ ಪ್ರಬಂಧದಲ್ಲಿ ಈ ಲೋಹದ ಹೆಸರು 'ವೂಟ್ಸ್' ಎಂದಿದೆ. ನಮ್ಮ 'ಉಕ್ಕು' ಇಂಗ್ಲಿಷರ ಕಿವಿಯಲ್ಲೋ ಲೇಖನಿಯಲ್ಲೋ ಕೆಟ್ಟು 'ವೂಟ್ಸ್' ಆಯಿತೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಎಲೆ, ಕಟ್ಟಿಗೆಯೊಂದಿಗೆ ಮುಚ್ಚಿ ಕಾಯಿಸಿ ಈ ಉಕ್ಕು ಮಾಡುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಚೂರುಗಳು ಸಿಕ್ಕಿವೆ. ಈ ವಿಷಯದಲ್ಲಿ ಹೆಚ್ಚು ಓದಬಯಸುವವರು ಬೆಂಗಳೂರಿನ ವಿಜ್ಞಾನಿಗಳಾದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ವೂಟ್ಸ್ ಉಕ್ಕಿನ ಬಗ್ಗೆ ಹೊರತಂದ ಪುಸ್ತಕವನ್ನು ನೋಡಬಹುದು.

ಪಿಯರ್ಸನ್ನರ ಪ್ರಬಂಧ ಓದಿದವರಿಗೆಲ್ಲ ಒಂದೇ ಪ್ರಶ್ನೆ: ಹಿಂದೂಸ್ತಾನದ ಉಕ್ಕು ಇಷ್ಟು ಚೆನ್ನಾಗಿರಲು ಅದರಲ್ಲಿ ಬೆರೆತಿರುವುದೇನು? ಉತ್ತರ ಹುಡುಕಲು ಹೊರಟವರಲ್ಲಿ ಒಬ್ಬ ಕಮ್ಮಾರನ ಮಗ. ಶಾಲೆಯ ಓದು ಹೆಚ್ಚಿಲ್ಲದೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿದು, ಅಲ್ಲಿಯ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದ ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ತಾವು ಓದಿರುವ ಫ್ಯಾರಡೆ ಇವರೇ. ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು-ಕತ್ತರಿ ತಯಾರಕನ ಜೊತೆ ಸೇರಿ ಅವರು ಉಕ್ಕಿಗೆ ಒಂದೊಂದೇ ಲೋಹ ಬೆರೆಸಿ ನೋಡಿದರು. 1820 ಮತ್ತು 1822ರಲ್ಲಿ ಎರಡು ಪ್ರಬಂಧಗಳು ಬಂದವು. ಎರಡನೆಯದರಲ್ಲಿ ಕ್ರೋಮಿಯಂ ಬೆರೆಸಿದ ಉಕ್ಕಿನ ಪ್ರಸ್ತಾಪವಿದೆ. ಅದೇ ಹೊತ್ತಿಗೆ, 1821ರಲ್ಲಿ, ಫ್ರಾನ್ಸಿನ ಪಿಯರ್ ಬರ್ತಿಯೆ ಕ್ರೋಮಿಯಂ ಬೆರೆತ ಕಬ್ಬಿಣಕ್ಕೆ ಆಮ್ಲ ತಗಲುವುದು ಕಡಿಮೆ ಎಂದು ಕಂಡುಕೊಂಡಿದ್ದರು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹನ್ನೊಂದನೆಯ ಶತಮಾನದ ಅಲ್-ಬಿರೂನಿಯವರು ರತ್ನ-ಲೋಹಗಳ ಕುರಿತ ತಮ್ಮ 'ಕಿತಾಬುಲ್ ಜಮಾಹಿರ್'ನಲ್ಲಿ ಮೂಸೆ ಉಕ್ಕಿನ ಒಂದು ಪಾಕವನ್ನು ಬರೆದಿಟ್ಟಿದ್ದಾರೆ. ದಕ್ಷಿಣ ಇರಾನಿನ ಚಾಹಕ್ ಎಂಬಲ್ಲಿ ಸಿಕ್ಕ ಹಳೆಯ ಉಕ್ಕಿನಲ್ಲಿ ಶೇಕಡಾ ಒಂದೆರಡರಷ್ಟು ಕ್ರೋಮಿಯಂ ಇದೆ ಎಂದೂ, ಬಿರೂನಿಯವರ ಪಾಕದಲ್ಲಿ ಬರುವ ಒಂದು ಖನಿಜ ಕ್ರೋಮಿಯಂ ಅದಿರೇ ಎಂದೂ ಲಂಡನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ್ದಾರೆ. ಇದನ್ನು ಕೇಳಿ 'ಸ್ಟೇನ್‌ಲೆಸ್ ಸ್ಟೀಲ್ ನಮ್ಮವರೇ ಕಂಡುಹಿಡಿದರು' ಎಂದು ಭಾಷಣ ಮಾಡುವವರಿದ್ದಾರೆ. ಅದು ಸರಿಯಲ್ಲ. ಒಂದೆರಡು ಪಾಲು ಕ್ರೋಮಿಯಂನಿಂದ ಉಕ್ಕು ಗಟ್ಟಿಯಾದೀತೇ ಹೊರತು ತುಕ್ಕು ನಿಲ್ಲುವುದಿಲ್ಲ. ಸುಮಾರು ಹನ್ನೊಂದು-ಹನ್ನೆರಡು ಪಾಲು ಬೇಕು.

ಆ ಹನ್ನೆರಡರ ಗುಟ್ಟು ತಿಳಿಯಲು ಫ್ಯಾರಡೆಯ ನಂತರ ಸುಮಾರು ತೊಂಬತ್ತು ವರ್ಷ ಬೇಕಾಯಿತು. ತಡಕ್ಕೆ ಕಾರಣಗಳಲ್ಲಿ ಒಂದು, ತಪ್ಪು ಪರೀಕ್ಷೆ. 1892ರಲ್ಲಿ ಇಂಗ್ಲೆಂಡಿನ ದೊಡ್ಡ ಲೋಹತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಕ್ರೋಮಿಯಂ ಉಕ್ಕನ್ನು ಪರೀಕ್ಷಿಸಿ, ಕ್ರೋಮಿಯಂ ಹೆಚ್ಚಾದಷ್ಟೂ ಉಕ್ಕು ಬೇಗ ಸವೆಯುತ್ತದೆ ಎಂದು ಬರೆದರು. ಅವರು ಬಳಸಿದ್ದು ಶೇಕಡಾ 50ರ ಗಂಧಕಾಮ್ಲ. ಆ ಆಮ್ಲದ ಮಟ್ಟಿಗೆ ಅವರ ಮಾತು ನಿಜವೇ. ಆದರೆ ಗಾಳಿ, ಮಳೆ, ನೀರಿಗೂ ಅದೇ ಮಾತು ಅನ್ವಯ ಎಂದು ಜನ ತಿಳಿದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಮತ್ತೆ ಯಾರು ನೋಡುತ್ತಾರೆ? ಮುಂದೆ ಫ್ಯಾರಡೆಯ ಹಳೆಯ ಉಕ್ಕಿನ ತುಂಡುಗಳನ್ನು ಪೆಟ್ಟಿಗೆಯಿಂದ ತೆಗೆದು ವಿಶ್ಲೇಷಿಸಿ 1931ರಲ್ಲಿ ಪುಸ್ತಕ ಬರೆದವರೂ ಇದೇ ಹ್ಯಾಡ್‌ಫೀಲ್ಡ್. ಅಷ್ಟರಲ್ಲಿ ಸ್ಟೇನ್‌ಲೆಸ್ ಜಗತ್ತನ್ನೆಲ್ಲ ತುಂಬಿತ್ತು.

1911ರಲ್ಲಿ ಜರ್ಮನಿಯ ಫಿಲಿಪ್ ಮೊನಾರ್ಟ್ಸ್ ಹನ್ನೆರಡು ಪಾಲಿನ ಮಹತ್ವವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. 1912ರಲ್ಲಿ ಎಸ್ಸೆನ್ ನಗರದ ಕ್ರುಪ್ ಕಂಪನಿಯಲ್ಲಿ ಬೆನ್ನೊ ಸ್ಟ್ರಾಸ್ ಮತ್ತು ಎಡ್ವರ್ಡ್ ಮೌರರ್ ಅವರ ಕೆಲಸದ ಫಲವಾಗಿ ಕ್ರೋಮಿಯಂ-ನಿಕ್ಕಲ್ ಉಕ್ಕಿಗೆ ಪೇಟೆಂಟ್ ಅರ್ಜಿ ಬಿತ್ತು. ಇಂದಿನ ನಮ್ಮ ಪಾತ್ರೆಗಳ ಉಕ್ಕು ಆ ವಂಶದ್ದು. ಆದರೆ ಹೆಸರು ಬಂದದ್ದು ಮಾತ್ರ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಚಾಕು-ಕತ್ತರಿಗಳ ಊರಿನಿಂದ.

ಅಲ್ಲಿಯ ಹ್ಯಾರಿ ಬ್ರಿಯರ್ಲಿ 1871ರಲ್ಲಿ ಉಕ್ಕು ಕರಗಿಸುವ ಕಾರ್ಮಿಕನ ಮಗನಾಗಿ ಹುಟ್ಟಿದವರು. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಹುಡುಗನಾಗಿ ಸೇರಿ, ರಾತ್ರಿ ಓದಿ, ಕೊನೆಗೆ ಬ್ರೌನ್-ಫರ್ತ್ ಸಂಶೋಧನಾಲಯದ ಮುಖ್ಯಸ್ಥರಾದರು. ಬಂದೂಕಿನ ನಳಿಗೆಗಳು ಬೇಗ ಸವೆಯುತ್ತವೆ, ಬೇರೆ ಉಕ್ಕು ಹುಡುಕಿಕೊಡಿ ಎಂಬ ಕೆಲಸ ಅವರಿಗೆ ಬಂದಿತ್ತು. 1913ರ ಆಗಸ್ಟ್ 13ರಂದು ಎರಕ ಹೊಯ್ದ ಉಕ್ಕಿನಲ್ಲಿ ಶೇಕಡಾ 12.8 ಕ್ರೋಮಿಯಂ, 0.24 ಇಂಗಾಲ ಇತ್ತು. ಸೂಕ್ಷ್ಮದರ್ಶಕದಲ್ಲಿ ನೋಡಲು ಆಮ್ಲ ಸವರಿದರೆ ಆಮ್ಲ ಅದಕ್ಕೆ ತಾಕಲೇ ಇಲ್ಲ! ಬ್ರಿಯರ್ಲಿಗೆ ಬಂದೂಕಿಗಿಂತ ಚಾಕು ನೆನಪಾಯಿತು. ಆ ಕಾಲದಲ್ಲಿ ಚಾಕುಗಳನ್ನು ಊಟವಾದ ಕೂಡಲೇ ಉಜ್ಜಿ ಒರೆಸದಿದ್ದರೆ ಕಪ್ಪಾಗುತ್ತಿದ್ದವು. ಅವರು ಇದಕ್ಕೆ 'ತುಕ್ಕಿಲ್ಲದ ಉಕ್ಕು' ಎನ್ನುತ್ತಿದ್ದರು. ಚಾಕು ಮಾಡುವ ಅರ್ನೆಸ್ಟ್ ಸ್ಟುವರ್ಟ್ ಅದನ್ನು ವಿನೆಗರ್‌ನಲ್ಲಿಟ್ಟು ಪರೀಕ್ಷಿಸಿ, ಕಲೆ ಬೀಳಲಿಲ್ಲವೆಂದು 'ಸ್ಟೇನ್‌ಲೆಸ್' ಎಂದ. ಕಲೆರಹಿತ ಎಂದರ್ಥ. ಆ ಹೆಸರೇ ನಿಂತಿತು.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹ್ಯಾಡ್‌ಫೀಲ್ಡ್ ಗಂಧಕಾಮ್ಲದಲ್ಲಿ ಅದ್ದಿ 'ಕೆಟ್ಟದ್ದು' ಎಂದರು. ಸ್ಟುವರ್ಟ್ ವಿನೆಗರ್‌ನಲ್ಲಿ ಅದ್ದಿ 'ಕಲೆಯೇ ಇಲ್ಲ' ಎಂದ. ಇಬ್ಬರೂ ಕಂಡದ್ದನ್ನೇ ಹೇಳಿದರು. ಇಬ್ಬರ ಮಾತೂ ಅವರವರ ಬಟ್ಟಲಿನೊಳಗಿದ್ದ ದ್ರವಕ್ಕೆ ಮಾತ್ರ ಸಲ್ಲುತ್ತಿತ್ತು. ನಮ್ಮ ಅಡುಗೆಮನೆಯ ನಂಬಿಕೆ ಆ ವಿನೆಗರ್ ಬಟ್ಟಲಿನಿಂದ ಬಂದದ್ದು. ಉಪ್ಪು ನೀರಿನ ಬಟ್ಟಲಿನ ಮಾತೇ ಬೇರೆ.

ಹಾಗಾದರೆ ಉಪ್ಪು ಮಾಡುವುದೇನು? ಇದನ್ನು ತಿಳಿಯಲು ನಮ್ಮೂರಿನ ಕಲಾಯಿ ಕೆಲಸವನ್ನೇ ನೆನೆಯಬಹುದು. ಸ್ಟೀಲ್ ಬರುವ ಮುಂಚೆ ಯರಗಟ್ಟಿ, ಸವದತ್ತಿ, ಬೈಲಹೊಂಗಲದ ಕಡೆ ಮನೆಗಳಲ್ಲಿದ್ದದ್ದು ತಾಮ್ರ-ಹಿತ್ತಾಳೆಯ ಹಂಡೆ, ಕೊಡ, ತಪೇಲಿಗಳು. ವರ್ಷಕ್ಕೊಮ್ಮೆ ಕಲಾಯಿಗಾರ ಬಂದು ಮರದ ನೆರಳಲ್ಲಿ ನೆಲ ತೋಡಿ, ತಿದಿ ಹೂಡಿ ಕೂರುತ್ತಿದ್ದ. ನಿಕಾಹ್ ಊಟದ ದೊಡ್ಡ ತಾಮ್ರದ ದೇಗ್‌ಗಳಿಗೆ ಈಗಲೂ ಕಲಾಯಿ ಬೇಕೇ ಬೇಕು. ಕಾದ ಪಾತ್ರೆಗೆ ಆತ ಬಿಳಿ ಪುಡಿ ಎರಚಿದಾಗ ಘಾಟು ಹೊಗೆ ಏಳುತ್ತಿತ್ತು. ಅದು ನವಸಾಗರ, ನಮ್ಮ ಮನೆಮಾತಿನಲ್ಲಿ ನೌಸಾದರ್. ರಸಾಯನಶಾಸ್ತ್ರದಲ್ಲಿ ಅಮೋನಿಯಂ ಕ್ಲೋರೈಡ್. ತಾಮ್ರದ ಮೇಲೆ ಗಾಳಿಯಿಂದಾದ ಆಕ್ಸೈಡ್ ಪೊರೆ ಇದ್ದರೆ ತವರ ಅಂಟುವುದಿಲ್ಲ. ಕಾದ ನವಸಾಗರದಿಂದ ಹೈಡ್ರೋಕ್ಲೋರಿಕ್ ಆಮ್ಲ ಎದ್ದು ಆ ಪೊರೆಯನ್ನು ಕಿತ್ತು ಹಾಕುತ್ತದೆ. ಕೆಳಗೆ ಬರಿಯ ತಾಮ್ರ ಹೊಳೆಯುತ್ತದೆ. ಆಗ ತವರ ಹಿಡಿಯುತ್ತದೆ.

ಸ್ಟೇನ್‌ಲೆಸ್ ಉಕ್ಕೂ ಒಂದು ಪೊರೆಯ ಮೇಲೆಯೇ ಬದುಕಿದೆ. 1836ರಲ್ಲಿ ಬಾಸೆಲ್‌ನ ಪ್ರಾಧ್ಯಾಪಕ ಷೋನ್‌ಬೈನ್ ಫ್ಯಾರಡೆಗೆ ಪತ್ರ ಬರೆದು, ತೀವ್ರ ನೈಟ್ರಿಕ್ ಆಮ್ಲದಲ್ಲಿ ಅದ್ದಿದ ಕಬ್ಬಿಣ ಆಮೇಲೆ ಸೌಮ್ಯ ಆಮ್ಲದಲ್ಲೂ ಕರಗದೆ ಸುಮ್ಮನಿರುತ್ತದೆ ಎಂದು ತಿಳಿಸಿದರು. ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕಟ್ಟಿರಬೇಕು ಎಂದು ಫ್ಯಾರಡೆ ಊಹಿಸಿದರು. ಊಹೆ ಊಹೆಯಾಗಿಯೇ ಉಳಿದು, 1927ರಲ್ಲಿ ಕೇಂಬ್ರಿಜ್‌ನ ಯುಲಿಕ್ ಇವಾನ್ಸ್ ಅಂಥ ಪೊರೆಯನ್ನು ಲೋಹದಿಂದ ಬಿಡಿಸಿ ತೋರಿಸಿದರು. ಸ್ಟೇನ್‌ಲೆಸ್ ಉಕ್ಕಿನ ಮೇಲಿನ ಕ್ರೋಮಿಯಂ ಪೊರೆಯ ದಪ್ಪ ಎರಡು-ಮೂರು ನ್ಯಾನೋಮೀಟರ್, ತಲೆಗೂದಲಿನ ದಪ್ಪವನ್ನು ಹತ್ತಾರು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಗೀರಿದರೂ ಗಾಳಿ ಸಿಕ್ಕರೆ ಕ್ಷಣಮಾತ್ರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಕಲಾಯಿಗಾರ ಇಲ್ಲದೆಯೇ ನಿತ್ಯ ತಾನೇ ಕಲಾಯಿ ಮಾಡಿಕೊಳ್ಳುವ ಲೋಹ ಇದು ಎನ್ನಬಹುದು.

ಆದರೆ ಕ್ಲೋರೈಡ್ ಬಂದು ಒಂದು ಬಿಂದುವಿನಲ್ಲಿ ಈ ಪೊರೆಯನ್ನು ಒಡೆದು, ಅಲ್ಲಿ ಪೊರೆ ಮತ್ತೆ ಕಟ್ಟಲು ಬಿಡದಿದ್ದರೆ ಕಥೆ ಬದಲಾಗುತ್ತದೆ. ಆ ಬಿಂದುವಿನಲ್ಲಿ ಲೋಹ ಕರಗಿ ಪುಟ್ಟ ಗುಳಿಯಾಗುತ್ತದೆ. ಗುಳಿಯೊಳಗೆ ಹೊಸ ಗಾಳಿ ತಲುಪದು. ಕರಗಿದ ಲೋಹದ ಅಯಾನುಗಳು ನೀರಿನೊಡನೆ ವರ್ತಿಸಿ ಆಮ್ಲ ಹುಟ್ಟಿಸುತ್ತವೆ. ವಿದ್ಯುದಂಶ ಸರಿದೂಗಲು ಹೊರಗಿನ ಕ್ಲೋರೈಡ್ ಇನ್ನಷ್ಟು ಒಳಗೆ ನುಗ್ಗುತ್ತದೆ. ಹೊರಗಿನ ನೀರು ಸಪ್ಪಗಿದ್ದರೂ ಗುಳಿಯೊಳಗೆ ಹೈಡ್ರೋಕ್ಲೋರಿಕ್ ಆಮ್ಲವೇ ತಯಾರಾಗುತ್ತದೆ. ಕಲಾಯಿಗಾರ ಬೇಕೆಂದು ಮಾಡುವ ಕೆಲಸವನ್ನು ಈ ಗುಳಿ ಬೇಡದ ಜಾಗದಲ್ಲಿ ತಾನೇ ಮಾಡುತ್ತದೆ. ಜೊತೆಗೆ ಸುತ್ತಲಿನ ಹೊಳೆಯುವ ದೊಡ್ಡ ಮೇಲ್ಮೈ ಕ್ಯಾಥೋಡ್, ಗುಳಿಯ ಚಿಕ್ಕ ತಳ ಆನೋಡ್. ಇಡೀ ಡಬ್ಬಿಯ ವಿದ್ಯುತ್ ರಾಸಾಯನಿಕ ಒತ್ತಡ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ಆದ್ದರಿಂದಲೇ ಡಬ್ಬಿ ಹೊಳೆಯುತ್ತಲೇ ತೂತು ಬೀಳುವುದು. ಸಾದಾ ಕಬ್ಬಿಣದ ತುಕ್ಕು ಊರಿಗೆಲ್ಲ ಕಾಣುವಂತೆ ಮೈತುಂಬ ಬರುತ್ತದೆ. ಗುಳಿ ತುಕ್ಕಿನ ಬಾಯಿ ಸೂಜಿಮೊನೆಯಷ್ಟು, ಹೊಟ್ಟೆ ಅದಕ್ಕಿಂತ ಎಷ್ಟೋ ದೊಡ್ಡದು. ತೂಕ ಮಾಡಿ ನೋಡಿದರೆ ಲೋಹ ಏನೂ ಕಳೆದಿಲ್ಲ ಎನಿಸುತ್ತದೆ, ನೀರು ಮಾತ್ರ ಸೋರುತ್ತಿರುತ್ತದೆ!

ಇಷ್ಟು ದೊಡ್ಡ ಮೈಯಲ್ಲಿ ಆ ಒಂದು ಬಿಂದುವೇ ಏಕೆ? ಉಕ್ಕಿನಲ್ಲಿ ಅಲ್ಪಸ್ವಲ್ಪ ಗಂಧಕ ಉಳಿದೇ ಇರುತ್ತದೆ. ಅದು ಮ್ಯಾಂಗನೀಸ್ ಜೊತೆ ಸೇರಿ ಮ್ಯಾಂಗನೀಸ್ ಸಲ್ಫೈಡ್‌ನ ಕಣಗಳಾಗಿ ಅಲ್ಲಲ್ಲಿ ಕೂರುತ್ತದೆ. ಗುಳಿಗಳು ಹೆಚ್ಚಾಗಿ ಹುಟ್ಟುವುದು ಈ ಕಣಗಳ ಅಂಚಿನಲ್ಲಿ. ಕಣದ ಸುತ್ತ ಕ್ರೋಮಿಯಂ ಕಡಿಮೆಯಾದ ತೆಳು ಪಟ್ಟಿ ಇರುತ್ತದೆ, ಅದೇ ಮೂಲ ಎಂದು 2002ರಲ್ಲಿ ಲಂಡನ್ನಿನ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೇರೆಯವರು ಹುಡುಕಿದಾಗ ಆ ಪಟ್ಟಿ ಕಾಣಲಿಲ್ಲವೆಂದು ವಾದವೂ ನಡೆಯಿತು. ಬ್ರಿಯರ್ಲಿಯ ನಂತರ ನೂರು ವರ್ಷ ಕಳೆದರೂ ಗುಳಿಯ ಮೊದಲ ಕ್ಷಣದ ಬಗ್ಗೆ ಸಂಶೋಧನೆ ಮುಗಿದಿಲ್ಲ ಎಂಬುದನ್ನು ನಮ್ಮ ವಿಜ್ಞಾನ ವಿದ್ಯಾರ್ಥಿಗಳು ಗಮನಿಸಬೇಕು.

ಮದ್ದು ಮಾತ್ರ ಬೇಗ ಸಿಕ್ಕಿತ್ತು. ಸ್ವಲ್ಪ ಮಾಲಿಬ್ಡಿನಂ ಬೆರೆಸಿದರೆ ಪೊರೆ ಕ್ಲೋರೈಡಿಗೆ ಹೆಚ್ಚು ತಡೆದುಕೊಳ್ಳುತ್ತದೆ. ಪೇಟೆಯಲ್ಲಿ 304 ಎನ್ನುವ ಉಕ್ಕಿನಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 316 ಎನ್ನುವುದರಲ್ಲಿ ಇವುಗಳ ಜೊತೆ ಎರಡು ಪಾಲಿಗಿಂತ ತುಸು ಹೆಚ್ಚು ಮಾಲಿಬ್ಡಿನಂ. ಇಂಜಿನಿಯರುಗಳ ಲೆಕ್ಕ ಹೀಗಿದೆ: ಕ್ರೋಮಿಯಂನ ಶೇಕಡಾ ಪ್ರಮಾಣಕ್ಕೆ ಮಾಲಿಬ್ಡಿನಂನ 3.3 ಪಟ್ಟು, ಸಾರಜನಕದ 16 ಪಟ್ಟು ಸೇರಿಸಿ. 304ಕ್ಕೆ ಸುಮಾರು 18-19 ಬರುತ್ತದೆ, 316ಕ್ಕೆ ಸುಮಾರು 24. ಸಮುದ್ರದ ನೀರಿನಲ್ಲಿ ಸದಾ ಮುಳುಗಿರಬೇಕಾದರೆ 40ರ ಹತ್ತಿರ ಬೇಕು. ಅಂದರೆ ಯರಗಟ್ಟಿಯಲ್ಲಿ ಇಪ್ಪತ್ತು ವರ್ಷ ಬಾಳುವ ಮೆಟ್ಟಿಲ ಕಟಕಟೆ ಕಾರವಾರದ ಕಡಲ ದಂಡೆಯಲ್ಲಿ ಬೇಗ ಕಂದು ಚುಕ್ಕೆ ತೋರಿಸಿದರೆ ಅಚ್ಚರಿಯಿಲ್ಲ.

ಈ ಗುಳಿಯನ್ನು 'ಡಬ್ಬಿ ತೂತಾಯಿತು, ಅಷ್ಟೇ' ಎಂದು ತಳ್ಳಿಹಾಕುವವರಿಗೆ 1985ರ ಮೇ 9ರ ಘಟನೆ ಹೇಳಬೇಕು. ಸ್ವಿಟ್ಜರ್ಲೆಂಡಿನ ಊಸ್ಟರ್ ಪಟ್ಟಣದ ಒಳಾಂಗಣ ಈಜುಕೊಳದ ಮೇಲೆ ಕಾಂಕ್ರೀಟ್ ಚಾವಣಿಯನ್ನು ಸ್ಟೇನ್‌ಲೆಸ್ ಸರಳುಗಳಿಂದ ತೂಗುಬಿಟ್ಟಿದ್ದರು. ಅಂದು ಚಾವಣಿ ಕುಸಿದು 12 ಜನ ತೀರಿಕೊಂಡರು. ಕೊಳದ ನೀರಿಗೆ ಹಾಕುವ ಕ್ಲೋರಿನ್ ಆವಿಯಾಗಿ ಮೇಲೇರಿ, ಸರಳುಗಳ ಮೇಲೆ ಕ್ಲೋರೈಡ್ ಆಗಿ ಕೂತು, ಭಾರ ಹೊತ್ತ ಸರಳುಗಳನ್ನು ಬಿರುಕು ಬಿಡಿಸಿತ್ತು. ಇದು ಗುಳಿ ತುಕ್ಕಿನ ಹತ್ತಿರದ ಬಂಧು. ಎಷ್ಟೋ ಸಲ ಇಂಥ ಬಿರುಕು ಗುಳಿಯ ತಳದಿಂದಲೇ ಹೊರಡುತ್ತದೆ. ಕಬ್ಬಿಣದ ಸರಳುಗಳಾಗಿದ್ದರೆ ತುಕ್ಕು ಕಂಡು ಯಾರಾದರೂ ಮೊದಲೇ ಎಚ್ಚರಗೊಳ್ಳುತ್ತಿದ್ದರೇನೋ.

ಇನ್ನು ನಮ್ಮ ಮನೆಯ ಮಾತು. ಪಾತ್ರೆ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು 'ಅಂಟಲಿಲ್ಲ ನೋಡ್ರಿ, ಅಸಲಿ ಐತಿ' ಎನ್ನುವುದನ್ನು ತಾವು ಕೇಳಿರಬಹುದು. ನಿಕ್ಕಲ್ ದುಬಾರಿಯಾದ್ದರಿಂದ ಅದನ್ನು ತಗ್ಗಿಸಿ ಮ್ಯಾಂಗನೀಸ್ ಹೆಚ್ಚಿಸಿದ '200 ಸರಣಿ'ಯ ಉಕ್ಕು ನಮ್ಮ ದೇಶದ ಪಾತ್ರೆಗಳಲ್ಲಿ ಬಹಳ ಬಳಕೆಯಲ್ಲಿದೆ. ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಕ್ರೋಮಿಯಂ ಕಡಿಮೆ ಇರುವ ಅದರ ಅಗ್ಗದ ಬಗೆಗಳಿಗೆ ಗುಳಿ ಬೇಗ ಬೀಳುತ್ತದೆ. ಇತ್ತ ತಮ್ಮ ಜೇಬಿನ ಒಂದು ರೂಪಾಯಿ ನಾಣ್ಯಕ್ಕೆ ಅಯಸ್ಕಾಂತ ಅಂಟುತ್ತದೆ, ಅದು ಅಪ್ಪಟ ಸ್ಟೇನ್‌ಲೆಸ್! 1988ರಲ್ಲಿ 10, 25, 50 ಪೈಸೆಗಳು, 1992ರಲ್ಲಿ ರೂಪಾಯಿ ನಾಣ್ಯ ಸುಮಾರು 17 ಪಾಲು ಕ್ರೋಮಿಯಂ ಇರುವ, ನಿಕ್ಕಲ್ ಇಲ್ಲದ ಉಕ್ಕಿನಲ್ಲಿ ಬಂದವು. ಅಯಸ್ಕಾಂತ ಹೇಳುವುದು ಉಕ್ಕಿನ ಹರಳಿನ ರಚನೆಯನ್ನು, ತುಕ್ಕಿನ ಭವಿಷ್ಯವನ್ನಲ್ಲ.

ನೀರಿನ ಟಾಕಿಗಳ ವಿಷಯ ಇದಕ್ಕಿಂತ ಮುಖ್ಯ. ಶಾಲೆ, ಮಸೀದಿ, ಹಾಸ್ಟೆಲುಗಳಿಗೆ ಈಗ ಸ್ಟೀಲ್ ಟಾಕಿ, ವಾಟರ್ ಕೂಲರ್ ದಾನ ಕೊಡುವುದು ಹೆಚ್ಚಾಗಿದೆ, ಸಂತೋಷ. ಆದರೆ ಒಳಗೆ ಬೀಳುವುದು ಬೋರ್‌ವೆಲ್ ನೀರು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಒಪ್ಪತಕ್ಕದ್ದು, ಬೇರೆ ನೀರಿಲ್ಲದಿದ್ದರೆ 1000 ಮಿಲಿಗ್ರಾಂವರೆಗೂ ನಡೆಯುತ್ತದೆ. 304 ಉಕ್ಕಿಗೆ ಉಕ್ಕಿನವರು ಹೇಳುವ ಸುರಕ್ಷಿತ ಮಿತಿ ಸುಮಾರು 200 ಮಾತ್ರ. ಮನುಷ್ಯ ಕುಡಿಯಬಹುದಾದ ನೀರು ಟಾಕಿಗೆ ಒಗ್ಗದಿರಬಹುದು! ಬೇಸಿಗೆಯಲ್ಲಿ ಟಾಕಿ ಕಾದರೆ, ನೀರು ತಿಂಗಳುಗಟ್ಟಲೆ ನಿಂತರೆ, ಬ್ಲೀಚಿಂಗ್ ಪುಡಿ ತಳದಲ್ಲಿ ಮುದ್ದೆಯಾಗಿ ಕೂತರೆ ಗುಳಿಗೆ ಬೇಕಾದ್ದೆಲ್ಲ ಒದಗಿದಂತೆ. ವೆಲ್ಡಿಂಗ್ ಮಾಡಿದ ಜಾಗದಲ್ಲಿ ನೀಲಿ-ಕಂದು ಬಣ್ಣ ಹಾಗೇ ಉಳಿದಿದ್ದರೆ ಅಲ್ಲಿ ಪೊರೆ ದುರ್ಬಲ. ಅದನ್ನು ಆಮ್ಲದ ಪೇಸ್ಟ್ ಹಚ್ಚಿ ತೆಗೆದು, ಚೆನ್ನಾಗಿ ತೊಳೆದೇ ಟಾಕಿ ಒಪ್ಪಿಸಬೇಕು. ಫ್ಯಾಬ್ರಿಕೇಶನ್ ಕೆಲಸ ಕಲಿಯುತ್ತಿರುವ ನಮ್ಮ ಐಟಿಐ ಹುಡುಗರು ಇದನ್ನು ಬರೆದಿಟ್ಟುಕೊಳ್ಳಲಿ. ನಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರಿಗೂ ಒಂದು ಸೂಚನೆ: ರಸ ಕಾಯಿಸುವ ಕೊಳವೆಗಳು ಹಿತ್ತಾಳೆಯದೋ ಸ್ಟೀಲಿನದೋ ಎಂದು ಕೇಳದೆ ಚಿಟ್ಟು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ ಸುರಿಯಬಾರದು. ಸ್ಟೀಲಿಗೆ ಅದು ಸಲ್ಲದು.

ದಾನಿಗಳು ಟಾಕಿಯ ಮೇಲೆ ಹೆಸರು ಬರೆಸುವ ಮುಂಚೆ ಬೋರ್‌ವೆಲ್ ನೀರಿನ ಒಂದು ಬಾಟಲಿಯನ್ನು ಪರೀಕ್ಷೆಗೆ ಕಳಿಸಿ, ಕ್ಲೋರೈಡ್ ಎಷ್ಟಿದೆ ಎಂಬ ಅಂಕಿಯನ್ನು ಅಂಗಡಿಗೆ ಒಯ್ದರೆ 304 ಸಾಕೋ 316 ಬೇಕೋ ಎಂದು ಕೇಳಬಹುದು. ಬಿಲ್ಲಿನ ಮೇಲೆ ಆ ಅಂಕಿಯನ್ನೇ ಬರೆಸಿಕೊಳ್ಳಬೇಕು, ಬರೀ 'ಎಸ್.ಎಸ್. ಟಾಕಿ' ಎಂದಲ್ಲ.

ನಮ್ಮ ಮನೆಯ ಉಪ್ಪು ಈಗ ಮತ್ತೆ ಪಿಂಗಾಣಿ ಭರಣಿಗೆ ಬಂದಿದೆ. ತಳ ತೂತಾದ ಸ್ಟೀಲ್ ಡಬ್ಬಿಯಲ್ಲಿ ಅಮ್ಮಿ ಒಣಮೆಣಸಿನಕಾಯಿ ತುಂಬಿಟ್ಟಿದ್ದಾರೆ. ಅಂಗಡಿಯವನನ್ನು ಬೈಯುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.